ನಾಲ್ಕನೆಯ ಪ್ರತಿಯಲ್ಲಿದ್ದ ಹೆಂಗಸು

ಒಂದೇ ಸಿನಿಮಾವನ್ನು ನಾಲ್ಕು ಸಲ ದುಡ್ಡು ಕೊಟ್ಟು ಕೊಂಡವನನ್ನು ಬೇರೆ ಕಡೆ ಏನೆಂದು ಕರೆಯುತ್ತಾರೋ ನನಗೆ ತಿಳಿಯದು. ನಮ್ಮ ಬೀದಿಯಲ್ಲಿ ಅಂಥವರನ್ನು ವಿದ್ವಾಂಸರು ಎಂದು ಕರೆದೆವು. ಹಾಗೆ ಕರೆಸಿಕೊಂಡವರು ನಮ್ಮ ಮೇಲಿನ ಮನೆಯ ತಕ್ಕಡಿ ಸಾಹೇಬರು. ವಿದ್ವಾಂಸರಾಗುವ ತನಕ ಅವರು ಬಹಳ ಒಳ್ಳೆಯ ಮನುಷ್ಯರಾಗಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ.

ಅವರಿಗೆ ಕೆಲಸ ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಅಂಗಡಿಯವರು ತಂದ ತೂಕದ ಕಲ್ಲುಗಳನ್ನು ಕಚೇರಿಯ ಅಸಲಿ ಕಲ್ಲಿನ ಎದುರು ತಕ್ಕಡಿಯಲ್ಲಿಟ್ಟು, ಮುಳ್ಳು ಕೂದಲೆಳೆಯಷ್ಟು ವಾಲಿದರೂ ಮುದ್ರೆ ಒತ್ತದೆ ವಾಪಸು ಕಳಿಸುವುದು ಅವರ ಕರ್ತವ್ಯ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮೇಲೆ ಅವರ ಕಣ್ಣಿಗೊಂದು ಚಟ ಬಿದ್ದಿತ್ತು. ಎರಡು ವಸ್ತುಗಳನ್ನು ಅಕ್ಕಪಕ್ಕ ಕಂಡರೆ ಸಾಕು, ಕಣ್ಣು ತಾನಾಗಿ ಕಿರಿದಾಗುತ್ತಿತ್ತು. ನಮ್ಮ ಮನೆಗೆ ಬಂದರೆ ತಮ್ಮ ಚಹಾದ ಲೋಟವನ್ನು ನನ್ನ ಲೋಟದ ಪಕ್ಕ ಹಿಡಿದು ನೋಡಿಯೇ ಕುಡಿಯುತ್ತಿದ್ದರು. ಇನ್ನು ನಾನು ಜೀವವಿಮೆ ಮಾರುವವನು. ಪರರ ಮನೆಯ ಸಮಾಚಾರ ತಿಳಿದುಕೊಳ್ಳುವುದು ನನಗೆ ವೃತ್ತಿಧರ್ಮ. ಆದ್ದರಿಂದ ಮುಂದಿನದನ್ನು ಚಾಡಿ ಎಂದು ಯಾರೂ ತಿಳಿಯಬಾರದು.

ಆ ಸಿನಿಮಾ ರಷ್ಯದ್ದು, ನಮ್ಮ ಅಪ್ಪಂದಿರ ಕಾಲದ್ದು, ದೆವ್ವದ್ದು. ಜೌಗು ನೆಲದ ನಡುವೆ ಹಾಳುಬಿದ್ದ ಒಂದು ನೀರಿನ ಗಿರಣಿ. ಮದುವೆಗೆ ಮುಂಚೆ ಹೊಳೆಗೆ ಬಿದ್ದು ಸತ್ತ ಹುಡುಗಿಯೊಬ್ಬಳು ಕತ್ತಲಾದ ಮೇಲೆ ಅಲ್ಲಿಗೆ ಬಂದು, ತನ್ನ ಮದುವೆಯ ರೊಟ್ಟಿಗೆ ಹಿಟ್ಟು ಬೀಸಿಕೊಡಿ ಎಂದು ಕೇಳುತ್ತಾಳೆ. ದಾರಿ ತಪ್ಪಿ ಬಂದ ಗಾಡಿಯವನೊಬ್ಬ ಬೀಸುತ್ತಾನೆ, ಬೀಸುತ್ತಲೇ ಇರುತ್ತಾನೆ, ಚೀಲ ತುಂಬುವುದಿಲ್ಲ. ಕೊನೆಗೆ ಅವನ ಗತಿ ಏನಾಯಿತೆಂದು ಕೇಳಿದರೆ ಸಾಹೇಬರು ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದರು. ಒಂದೊಂದು ಪ್ರತಿಯಲ್ಲಿ ಒಂದೊಂದು ಕಡೆ ಕತ್ತರಿ ಬಿದ್ದಿತ್ತು, ಅವರದೇನೂ ತಪ್ಪಿಲ್ಲ.

ಮೊದಲನೆಯ ಪ್ರತಿ ಟೇಪು. ಮದುವೆಯಾದ ಹೊಸತರಲ್ಲಿ ಕೊಂಡದ್ದು. ಅದರಲ್ಲಿ ಇಡೀ ಚಿತ್ರಕ್ಕೆ ಪಾಚಿ ಹಿಡಿದ ಬಣ್ಣ, ಎರಡೂ ಅಂಚು ಕತ್ತರಿಸಿ ಚಚ್ಚೌಕ ಮಾಡಿದ ಚಿತ್ರ. ಗಾಡಿಯವನು, ಸತ್ತ ಹುಡುಗಿ, ಅವಳ ಅಜ್ಜಿ ಎಲ್ಲರ ಮಾತನ್ನೂ ಒಬ್ಬನೇ ಗಂಡಸು ನೆಗಡಿಯಾದ ದನಿಯಲ್ಲಿ ಓದಿ ಮುಗಿಸುತ್ತಾನೆ. ಎರಡನೆಯದು ಎರಡು ಡಿಸ್ಕಿನ ವಿಸಿಡಿ. ಹುಡುಗಿ ನೀರಿನಿಂದ ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಮೊದಲ ಡಿಸ್ಕು ಮುಗಿಯುತ್ತದೆ. ಎದ್ದು ಹೋಗಿ ಎರಡನೆಯದನ್ನು ಹಾಕಿ ಬರುವಷ್ಟರಲ್ಲಿ ಹೆದರಿಕೆ ಹೋಗಿ ಹಸಿವಾಗಿರುತ್ತದೆ. ಮೂರನೆಯದು ಡಿವಿಡಿ. ಅದನ್ನು ತಯಾರಿಸಿದ ಪುಣ್ಯಾತ್ಮರು, ಕತ್ತಲಲ್ಲಿ ಜನರಿಗೆ ಕಾಣದೆ ತೊಂದರೆಯಾದೀತೆಂದು ರಾತ್ರಿಗೆಲ್ಲ ಬೂದಿ ಬಳಿದು ಬೆಳಕು ಮಾಡಿಟ್ಟಿದ್ದರು. ಕೆಳಗೆ ಬರುವ ಅಕ್ಷರಗಳು ಒಂದು ದೃಶ್ಯ ಹಿಂದೆ ಬಿದ್ದಿದ್ದವು. ಹುಡುಗಿ ಕಣ್ಣು ಕೆಂಪಗೆ ಮಾಡಿ ಚೀರಿದಾಗ ಕೆಳಗೆ 'ಕುದುರೆಗೆ ಹುಲ್ಲು ಹಾಕಿದೆಯಾ' ಎಂದು ಬರುತ್ತಿತ್ತು. ನಾಲ್ಕನೆಯದು ಈಗ ಬಂದ ಬ್ಲೂ-ರೇ ಡಿಸ್ಕು. ಮೂಲ ರೀಲನ್ನೇ ಹುಡುಕಿ, ತೊಳೆದು, ಗೀರು ತೆಗೆದು ಮಾಡಿದ್ದು. ಅದರಲ್ಲಿ ಕಪ್ಪು ಎಂದರೆ ಕಪ್ಪು. ಅದಕ್ಕೆ ತಕ್ಕ ಹಾಗೆ ಸಾಹೇಬರು ಮಿರಮಿರ ಹೊಳೆಯುವ ಗಾಜಿನ ದೊಡ್ಡ ಟಿವಿಯನ್ನೂ ತಂದು ನಡುಮನೆಯ ಗೋಡೆಗೆ ಹಾಕಿದರು.

ಇವೆಲ್ಲ ತಮ್ಮ ಪಾಡಿಗೆ ತಾವು ಕಪಾಟಿನಲ್ಲಿದ್ದಿದ್ದರೆ ಯಾರಿಗೂ ಕೇಡಿರಲಿಲ್ಲ. ಕೇಡು ಬಂದದ್ದು ನಮ್ಮ ಊರಿನ ಚಲನಚಿತ್ರ ಸಂಘದ ಸಭೆಯಲ್ಲಿ. ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು. ಯಾವ ಚಿತ್ರದ ಹೆಸರೆತ್ತಿದರೂ, ಅದರ ಒಳ್ಳೆಯ ಪ್ರತಿ ಈಗೆಲ್ಲಿ ಸಿಗುತ್ತದೆ ಎಂದು ನಿಟ್ಟುಸಿರು ಬಿಡುವುದು ಅವರ ಅಧ್ಯಕ್ಷಗಿರಿಯ ಮುಖ್ಯ ಕೆಲಸ. ಗಿರಣಿಯ ಚಿತ್ರಕ್ಕೂ ಹಾಗೆಯೇ ನಿಟ್ಟುಸಿರು ಬಿಟ್ಟಾಗ ಸಾಹೇಬರು ಎದ್ದು ನಿಂತು, ತಮ್ಮಲ್ಲಿ ನಾಲ್ಕು ಪ್ರತಿಗಳಿವೆ, ನಾಲ್ಕನ್ನೂ ಇಂಚಿಂಚು ಹೋಲಿಸಿ ನೋಡಿದ್ದೇನೆ ಎಂದುಬಿಟ್ಟರು. ಅದರಲ್ಲಿ ಮೊದಲ ಅರ್ಧ ನಿಜವಾಗಿತ್ತು. ಹೆಡ್‌ಮಾಸ್ತರು ಅವರನ್ನು ವಿದ್ವಾಂಸರೆಂದು ಕರೆದು, ತಿಂಗಳ ಕೊನೆಯ ದಿನ ಸಂಜೆ ಈ ಹೋಲಿಕೆಯ ಮೇಲೆ ಭಾಷಣ ಎಂದು ಅಲ್ಲೇ ಘೋಷಿಸಿದರು. ಎರಡನೆಯ ಅರ್ಧವನ್ನು ನಿಜ ಮಾಡುವ ಕಷ್ಟ ಸಾಹೇಬರಿಗೆ ಬಂತು.

ಅಂದಿನಿಂದ ದಿನಾ ಸಂಜೆ ಏಳಕ್ಕೆ ಮೇಲಿನ ಮನೆಯ ದೀಪಗಳು ಆರುತ್ತಿದ್ದವು. ಅಡುಗೆಮನೆ ಬಾಗಿಲ ಪಕ್ಕದಲ್ಲಿ, ಕೈ ತೊಳೆಯುವ ಬೇಸಿನ್ನಿನ ಮೇಲಿನ ಸಣ್ಣ ದೀಪವೊಂದಕ್ಕೆ ಮಾತ್ರ ಉರಿಯಲು ಅಪ್ಪಣೆ. ಸಾಹೇಬರು ಬೆತ್ತದ ಕುರ್ಚಿಯಲ್ಲಿ ಕೂತು ಕಚೇರಿಯ ಶಿಸ್ತಿನಿಂದ ಹೋಲಿಕೆ ಶುರು ಮಾಡಿದರು. ಉಕ್ಕಿನ ಸ್ಕೇಲನ್ನು ಟಿವಿಗೆ ಒತ್ತಿ ಹಿಡಿದು ಗಾಡಿಯವನ ಟೊಪ್ಪಿಗೆಯ ಅಗಲ ಅಳೆದರು. ಗಡಿಯಾರ ಇಟ್ಟುಕೊಂಡು ಹುಡುಗಿಯ ಚೀರಾಟ ಯಾವ ಪ್ರತಿಯಲ್ಲಿ ಎಷ್ಟು ಹೊತ್ತು ಎಂದು ನೋಡಿದರು. ನಾಲ್ಕೂ ಪ್ರತಿಗಳ ಖಾಲಿ ಡಬ್ಬಿಗಳನ್ನು ಕಚೇರಿಗೆ ಒಯ್ದು ತೂಗಿದರು ಎಂದೂ ಕೇಳಿದ್ದೇನೆ. ಅದರಿಂದ ಸಿನಿಮಾ ಕಲೆಗೆ ಏನು ಉಪಯೋಗ ಎಂದು ನಾನು ಕೇಳಿದ್ದಕ್ಕೆ, ಉಪಯೋಗ ಆಮೇಲೆ ತಾನಾಗಿ ಗೊತ್ತಾಗುತ್ತದೆ, ಮೊದಲು ತೂಕ ಗೊತ್ತಿರಬೇಕು ಎಂದರು.

ಆ ಮನೆಯಲ್ಲಿ ಇನ್ನೊಬ್ಬರೂ ಇದ್ದರು. ಸಾಹೇಬರ ಹೆಂಡತಿ. ನನ್ನ ಹೆಂಡತಿ ಅವರನ್ನು ಅಕ್ಕ ಎಂದು ಕರೆಯುತ್ತಿದ್ದುದರಿಂದ ನಾನೂ ಹಾಗೇ ಕರೆಯುತ್ತೇನೆ. ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುತ್ತಿದ್ದರು. ಕಾರ್ಖಾನೆಯಲ್ಲಿ ತೋಳು ಹೊಲಿಯುವವರು ಬೇರೆ, ಜೇಬು ಹೊಲಿಯುವವರು ಬೇರೆ. ಇಡೀ ಅಂಗಿಯನ್ನು ಕಣ್ಣು ಮುಚ್ಚಿ ಹೊಲಿಯಬಲ್ಲ ಹೆಂಗಸು ಇಷ್ಟು ವರ್ಷ ಬರೀ ಕಾಲರು ಹೊಲಿದಿದ್ದರು. ಈಗ ಅರ್ಧ ದಿನದ ಬಸ್ಸಿನ ದೂರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವರ ಚಿಕ್ಕಮ್ಮನಿಗೆ ಕಣ್ಣು ಮಂಜಾಗಿತ್ತು. ಅಂಗಡಿ ನೀನೇ ನಡೆಸು, ಗಂಡನನ್ನೂ ಕರೆದುಕೊಂಡು ಬಾ, ಮೇಲೆ ಮನೆಯೂ ಇದೆ ಎಂದು ಚಿಕ್ಕಮ್ಮ ಹೇಳಿಕಳಿಸಿದ್ದರು. ಆ ಊರಿನಲ್ಲೂ ತೂಕದ ಕಚೇರಿ ಇತ್ತು. ಸಾಹೇಬರು ತಿಂಗಳು ಮುಗಿಯುವುದರೊಳಗೆ ವರ್ಗಾವಣೆ ಕೇಳಿ ಒಂದು ಅರ್ಜಿ ಕೊಟ್ಟಿದ್ದರೆ ಆಗುತ್ತಿತ್ತು. ಆ ತಿಂಗಳು ತಪ್ಪಿದರೆ ಮತ್ತೆ ಮುಂದಿನ ವರ್ಷ. ಚಿಕ್ಕಮ್ಮ ಅಷ್ಟು ದಿನ ಅಂಗಡಿ ಮುಚ್ಚಿಟ್ಟುಕೊಂಡು ಕಾಯುವ ಹಾಗಿರಲಿಲ್ಲ. ಇಷ್ಟನ್ನೂ ಅಕ್ಕ ನನ್ನ ಹೆಂಡತಿಗೆ ಹೇಳಿದ್ದರು, ನನ್ನ ಹೆಂಡತಿ ನನಗೆ ಹೇಳಿದಳು. ಹೇಳಬೇಕಾದವರಿಗೆ ಮಾತ್ರ ಅಕ್ಕನಿಗೆ ಹೇಳಲು ಆಗಿರಲಿಲ್ಲ.

ಯತ್ನ ಮಾಡಲಿಲ್ಲವೆಂದಲ್ಲ. ಕಾರ್ಖಾನೆಯಿಂದ ಬಂದು, ಅಡುಗೆಗಿಟ್ಟು, ದಿನಾ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹೆಜ್ಜೆಯ ಸದ್ದು ಕೇಳಿದ ಕೂಡಲೇ ಸಾಹೇಬರು ಹಿಂತಿರುಗಿ ನೋಡದೆ ಒಂದು ಕೈ ಎತ್ತುತ್ತಿದ್ದರು. ಈ ದೃಶ್ಯ ಮುಗಿಯಲಿ ಎಂದು ಅದರ ಅರ್ಥ. ಆ ಚಿತ್ರದಲ್ಲಿ ದೃಶ್ಯಗಳು ಬೇಗ ಮುಗಿಯುವಂಥವಲ್ಲ. ಗಾಡಿಯವನು ಬೀಸುತ್ತಲೇ ಇರುತ್ತಾನೆ. ಅಕ್ಕ ನಿಂತಷ್ಟು ಹೊತ್ತು ನಿಂತು, ಒಲೆಯ ಮೇಲಿನದು ಹೊತ್ತೀತೆಂದು ಒಳಗೆ ಹೋಗುತ್ತಿದ್ದರು. ಆಮೇಲೆ ಸಾಹೇಬರು, ಏನೋ ಹೇಳ್ತಾ ಇದ್ದೆಯಲ್ಲ, ಎಂದು ಖಾಲಿ ಬಾಗಿಲಿಗೆ ಕೇಳುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಸಾಹೇಬರು ಬರಿಗಾಲಲ್ಲಿ ಮೆಟ್ಟಿಲಿಳಿದು ನಮ್ಮ ಮನೆಗೆ ಬಂದರು. ಮುಖದಲ್ಲಿ ಭೂಮಿಯ ಕೆಳಗೆ ನಿಧಿ ಕಂಡವರ ಕಳೆ.

"ಒಬ್ಬಳು ಹೆಂಗಸಿದಾಳೆ," ಎಂದರು.

ನನ್ನ ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕಿವಿ ನೆಟ್ಟಗೆ ಮಾಡಿದಳು. ಸಾಹೇಬರು ವಿವರಿಸಿದರು. ಗಿರಣಿಯ ಒಳಗಿನ ದೃಶ್ಯದಲ್ಲಿ, ಚಿತ್ರದ ಬಲ ಅಂಚಿನಲ್ಲಿ ಕತ್ತಲೆಯೊಂದಿದೆ. ಆ ಕತ್ತಲೆಯಲ್ಲಿ ಬಾಗಿಲ ಹತ್ತಿರ ಒಬ್ಬ ಹೆಂಗಸು ನಿಂತಿದ್ದಾಳೆ. ಟೇಪಿನಲ್ಲಿ ಅವಳಿಲ್ಲ, ಅಂಚನ್ನೇ ಕತ್ತರಿಸಿ ಎಸೆದಿದ್ದಾರೆ. ವಿಸಿಡಿಯಲ್ಲಿ ಆ ಜಾಗವೆಲ್ಲ ಬರೀ ಚುಕ್ಕೆ. ಡಿವಿಡಿಯಲ್ಲಿ ಬೂದಿ. ನಾಲ್ಕನೆಯ ಪ್ರತಿಯಲ್ಲಿ ಮಾತ್ರ, ಕಪ್ಪು ಸರಿಯಾಗಿ ಕಪ್ಪಾದ ಮೇಲೆ, ಅವಳು ಎದ್ದು ಬಂದಿದ್ದಾಳೆ. ಇಷ್ಟು ವರ್ಷ ಲೋಕದಲ್ಲಿ ಯಾರೂ ಅವಳನ್ನು ಕಂಡಿಲ್ಲ, ಕಡೆಗೆ ಬರುವ ಹೆಸರುಗಳಲ್ಲೂ ಅವಳ ಹೆಸರಿಲ್ಲ.

ನೋಡಲು ಹೇಗಿದ್ದಾಳೆ ಎಂದು ನನ್ನ ಹೆಂಡತಿ ಕೇಳಿದಳು. ಸಾಹೇಬರು, ಅಂಥ ಮುಖ ತಾವು ಯಾವ ಚಿತ್ರದಲ್ಲೂ ಕಂಡಿಲ್ಲ, ದಣಿದ ಮುಖ, ಆದರೆ ಏನು ಕಳೆ, ತುಟಿಯ ತನಕ ಬಂದ ಒಂದು ಮಾತು ಅಲ್ಲೇ ನಿಂತಿದೆ, ಅದನ್ನು ಹೇಳಲೂ ಆಗದೆ ನುಂಗಲೂ ಆಗದೆ ನಿಂತಿದ್ದಾಳೆ, ಆ ಸತ್ತ ಹುಡುಗಿಯ ಚೀರಾಟವನ್ನು ಇವಳ ಸುಮ್ಮನಿರುವಿಕೆಯ ಎದುರು ತೂಗಿದರೆ ಹುಡುಗಿಯ ತಟ್ಟೆ ಮೇಲೆ ಹೋಗುತ್ತದೆ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಇಪ್ಪತ್ತು ವರ್ಷದಲ್ಲಿ ಅವರು ಒಬ್ಬ ಹೆಂಗಸಿನ ಮುಖದ ಬಗ್ಗೆ ಅಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಅವರು ಹೋದ ಮೇಲೆ ನನ್ನ ಹೆಂಡತಿ, ಅಕ್ಕನ ಗತಿ ಏನಪ್ಪಾ ಎಂದಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮ ಬೀದಿಯವರು. ಬೆಳಗಾಗುವುದರೊಳಗೆ ಬಾಗಿಲ ಹೆಂಗಸಿನ ಸುದ್ದಿ ಹಾಲಿನವನಿಗೂ ತಿಳಿದಿತ್ತು. ಅವಳು ಚಿತ್ರ ತೆಗೆಯುವಾಗಲೇ ಸತ್ತ ನಟಿ ಎಂದು ಕೆಲವರು, ನಟಿಯೇ ಅಲ್ಲ, ಅಸಲಿ ದೆವ್ವ ಎಂದು ಕೆಲವರು. ಕಚೇರಿಯಲ್ಲಿ ತೂಕದ ಕಲ್ಲು ತಂದವರು ಮುದ್ರೆ ಬೀಳುವ ತನಕ ಭಕ್ತಿಯಿಂದ ಅವಳ ಕ್ಷೇಮ ವಿಚಾರಿಸತೊಡಗಿದರು. ಅವಳ ಬಗ್ಗೆ ಎರಡು ಒಳ್ಳೆಯ ಮಾತಾಡಿದ ದಿನಸಿ ಅಂಗಡಿಯವನ ಕಲ್ಲುಗಳು ಅಂದು ಒಂದೂ ವಾಪಸು ಬರಲಿಲ್ಲವಂತೆ.

ಹೆಡ್‌ಮಾಸ್ತರು ತಾವೇ ಪರೀಕ್ಷಿಸಲು ಬಂದರು. ಅಂದು ನಾನೂ ಹೋಗಿದ್ದೆ. ಬೆತ್ತದ ಕುರ್ಚಿಯನ್ನು ಸಾಹೇಬರು ಅವರಿಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ಅವರ ಕಿವಿಗೆ ಕಿವಿ ತಾಗಿಸಿ ಬಗ್ಗಿ ನಿಂತರು. ನಾನು ಕೆಳಗೆ ಚಾಪೆಯ ಮೇಲೆ ಕೂತೆ. ಅಲ್ಲಿಂದ ನನಗೆ ಕತ್ತಲೆಯ ಹೊರತು ಏನೂ ಕಾಣಲಿಲ್ಲ, ಆದರೆ ಅಧ್ಯಕ್ಷರ ಎದುರು ಹಾಗೆನ್ನುವುದು ಚೆನ್ನಾಗಿರುವುದಿಲ್ಲ ಎಂದು ತಲೆದೂಗುತ್ತಿದ್ದೆ. ಗಿರಣಿ ಬಂತು. ಹೆಡ್‌ಮಾಸ್ತರು ಕುರ್ಚಿಯ ಕೈ ಹಿಡಿದುಕೊಂಡರು.

"ಇದಾಳೆ," ಎಂದರು ಪಿಸುದನಿಯಲ್ಲಿ. "ಕೈಯಲ್ಲಿ ಏನೋ ತಟ್ಟೆ ಹಿಡಿದಿದಾಳೆ."

ಸಾಹೇಬರಿಗೆ ರೋಮಾಂಚನವಾಯಿತು. ನಿನ್ನೆಯ ತನಕ ತಟ್ಟೆ ಇರಲಿಲ್ಲ. ಇವತ್ತು ತಟ್ಟೆ ಬಂದಿದೆ ಎಂದರೆ ಈ ಪ್ರತಿಯಲ್ಲಿ ಇನ್ನೂ ಏನೇನು ಅಡಗಿದೆಯೋ. ಹೆಡ್‌ಮಾಸ್ತರು ಪಾಠದ ದನಿಗೆ ಬಂದು, ಅದು ಮದುವೆಯ ರೊಟ್ಟಿಗೆ ಇಟ್ಟ ಖಾಲಿ ತಟ್ಟೆ, ನಿರ್ದೇಶಕ ಬಡವರ ಹಸಿವನ್ನು ಸೂಚಿಸಿದ್ದಾನೆ ಎಂದು ವಿವರಿಸಿದರು. ಮುಖವನ್ನು ಎಲ್ಲೋ ನೋಡಿದ ಹಾಗಿದೆ, ರಷ್ಯದ ದೊಡ್ಡ ನಟಿಯೇ ಇರಬೇಕು ಎಂದರು. ಆಮೇಲೆ ಮತ್ತೆ ಬೆಚ್ಚಿ, ಕೈ ಎತ್ತಿದಳು, ಕೂದಲು ಹಿಂದಕ್ಕೆ ಸರಿಸಿಕೊಂಡಳು ಎಂದರು. ಆಗ ನಮ್ಮ ಹಿಂದಿನಿಂದ ಅಕ್ಕ, ಚಹಾ ಆರಿಹೋಗ್ತಾ ಇದೆ ಎಂದು ಮೆಲ್ಲಗೆ ಹೇಳಿದರು. ಸಾಹೇಬರು ತಿರುಗದೆ ಕೈ ಎತ್ತಿದರು. ಅಕ್ಕ ತಟ್ಟೆಯನ್ನು ನನ್ನ ಪಕ್ಕ ನೆಲದ ಮೇಲಿಟ್ಟು ಒಳಗೆ ಹೋದರು. ಅದೇ ಕ್ಷಣ ಹೆಂಗಸೂ ಮಾಯವಾದಳು. ನೋಡಿದಿರಾ, ಚಹಾ ಎಂದ ಕೂಡಲೇ ಹೋಗಿಬಿಟ್ಟಳು, ಎಂದು ಸಾಹೇಬರಿಗೆ ಹೆಂಡತಿಯ ಮೇಲೆ ಸ್ವಲ್ಪ ಸಿಟ್ಟೂ ಬಂತು. ಇಷ್ಟಾದರೂ ನಮ್ಮ ಮೂವರ ತಲೆಗೂ ಏನೂ ಹೊಳೆಯಲಿಲ್ಲ. ನನ್ನದನ್ನು ಬಿಡಿ, ಚಾಪೆಯ ಮೇಲೆ ಕೂತವನು.

ಆಶ್ಚರ್ಯವೆಂದರೆ ಅಂದಿನ ನಂತರ ಅಕ್ಕ ಬಾಗಿಲಿಗೆ ಬಂದು ಹೆಚ್ಚು ಹೊತ್ತು ನಿಲ್ಲತೊಡಗಿದರು. ನನ್ನ ಹೆಂಡತಿ ಮೇಲೆ ಹೋದಾಗ ಕಂಡದ್ದು ಇದು. ಕಾರ್ಖಾನೆಯಿಂದ ಬಂದವರು ಮುಖ ತೊಳೆದು, ತಲೆ ಬಾಚಿಕೊಂಡು, ಒಂದೊಂದು ದಿನ ಒಳ್ಳೆಯ ಸೀರೆ ಉಟ್ಟು ಬಂದು ನಿಲ್ಲುತ್ತಿದ್ದರಂತೆ. ಪಾಪ, ಆ ಸಿನಿಮಾದವಳ ಮೇಲಿನ ಹೊಟ್ಟೆಕಿಚ್ಚು ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಸಾಹೇಬರು ಮಾತ್ರ ಭಾಷಣದ ಹಾಳೆಯಲ್ಲಿ, ಹೆಂಗಸಿನ ಉಡುಪು ದಿನದಿಂದ ದಿನಕ್ಕೆ ಬದಲಾಗುತ್ತಿದೆ, ಇದು ಸಂಶೋಧನೆಗೆ ಯೋಗ್ಯವಾದ ವಿಷಯ ಎಂದು ಬರೆದುಕೊಂಡರು.

ತಿಂಗಳ ಕೊನೆಯ ದಿನ ಬಂತು. ಬೆಳಿಗ್ಗೆ ಸಾಹೇಬರು ಭಾಷಣದ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅಕ್ಕ ಅಡ್ಡ ನಿಂತು ಚಿಕ್ಕಮ್ಮನ ವಿಷಯ ಎತ್ತಿದರು. ಅಂಗಡಿ, ಮೇಲಿನ ಮನೆ, ಅರ್ಜಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ನಮ್ಮ ಮನೆಯ ತನಕ ಕೇಳಿತು. ಸಾಹೇಬರು ಅಷ್ಟರಲ್ಲಿ ಗುಂಡಿ ಬಿಟ್ಟು ಡಿಸ್ಕನ್ನು ಬೆಳಕಿಗೆ ಹಿಡಿದು ಬೆರಳಿನ ಗುರುತು ಬಿದ್ದಿದೆಯೇ ಎಂದು ನೋಡುತ್ತಿದ್ದರು.

"ಏನು ಹೇಳ್ಲಿ ಚಿಕ್ಕಮ್ಮನಿಗೆ?" ಎಂದರು ಅಕ್ಕ.

"ನಿನಗೆ ಹ್ಯಾಗೆ ಸರಿ ಕಾಣುತ್ತೋ ಹಾಗೆ ಮಾಡು," ಎಂದರು ಸಾಹೇಬರು, ಬಹಳ ಉದಾರವಾಗಿ.

ಸಂಜೆ ಸಂಘದ ಸಭಾಂಗಣ ತುಂಬಿತ್ತು. ದಿನಸಿ ಅಂಗಡಿಯವನು ಕುಟುಂಬ ಸಮೇತ ಬಂದಿದ್ದ. ಸಾಹೇಬರು ಮೂರು ಪ್ರತಿಗಳ ದೋಷಗಳನ್ನು ಹೇಳಿದಾಗ ಜನ ಚೆನ್ನಾಗಿ ನಕ್ಕರು. ಕುದುರೆಯ ಹುಲ್ಲಿಗೆ ಚಪ್ಪಾಳೆಯೂ ಬಿತ್ತು. ಆಮೇಲೆ ಅವರು ದನಿ ತಗ್ಗಿಸಿ, ಈಗ ಲೋಕ ಕಾಣದ ಒಂದು ಮುಖ ತೋರಿಸುತ್ತೇನೆ ಎಂದು ನಾಲ್ಕನೆಯ ಪ್ರತಿಯನ್ನು ಹಾಕಿಸಿದರು. ಸಂಘದಲ್ಲಿ ಟಿವಿ ಇಲ್ಲ. ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಪ್ರೊಜೆಕ್ಟರಿನ ಬೆಳಕು. ಗಿರಣಿ ಬಂತು, ಗಾಡಿಯವನು ಬೀಸಿದ. ಸಾಹೇಬರು ಕೋಲು ಎತ್ತಿ ಬಲ ಅಂಚಿಗೆ ಇಟ್ಟರು.

ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಹಾಕಿಸಿದರು. ಮತ್ತೆಯೂ ಇರಲಿಲ್ಲ. ಕೋಲಿನಿಂದ ಕತ್ತಲೆಯನ್ನು ಅಲ್ಲಿ ಇಲ್ಲಿ ತಿವಿದು ನೋಡಿದರು. ಹಿಂದಿನ ಸಾಲಿನಿಂದ ಯಾರೋ, ಚಹಾ ಕುಡಿಯೋಕೆ ಹೋಗಿರಬೇಕು ಎಂದರು. ಸಾಹೇಬರು ಹೆಡ್‌ಮಾಸ್ತರ ಕಡೆ ತಿರುಗಿ, ನೀವೇ ಹೇಳಿ ಸಾರ್, ನೋಡಿದ್ದೀರಲ್ಲ ಎಂದು ಬೇಡಿಕೊಂಡರು. ಹೆಡ್‌ಮಾಸ್ತರು ಎದ್ದು ನಿಂತು, ತಾವು ಅಂದು ಕನ್ನಡಕ ಹಾಕಿರಲಿಲ್ಲ, ಆತಿಥೇಯರ ಮನಸ್ಸು ನೋಯಿಸಬಾರದೆಂದು ಕಂಡೆ ಎಂದಿದ್ದೆ ಎಂದು ಸ್ಪಷ್ಟಪಡಿಸಿದರು. ಜನ ನಗುತ್ತ ಚಪ್ಪಲಿ ಹುಡುಕಿಕೊಂಡರು. ಅಕ್ಕ ನನ್ನ ಹೆಂಡತಿಯ ಪಕ್ಕದಲ್ಲೇ ಕೂತಿದ್ದರು. ಎಲ್ಲರೂ ಬಟ್ಟೆಯನ್ನು ನೋಡುತ್ತಿದ್ದಾಗ ಅವರು ಒಬ್ಬರೇ, ಕೋಲು ಹಿಡಿದು ಹುಡುಕುತ್ತಿದ್ದ ಗಂಡನನ್ನು ನೋಡುತ್ತಿದ್ದರಂತೆ.

ಮಾರನೆಯ ದಿನ ಅಕ್ಕ ಕಾರ್ಖಾನೆಗೆ ಹೋಗಿ ಲೆಕ್ಕ ಮುಗಿಸಿ ಬಂದರು. ಅದರ ಮಾರನೆಯ ಬೆಳಿಗ್ಗೆ ಎರಡು ಚೀಲ ಮತ್ತು ಹೊಲಿಗೆ ಮಷೀನಿನ ಮೇಲಿನ ಭಾಗ ಕಟ್ಟಿಕೊಂಡು ಹೊರಟರು. ಚೀಲಗಳನ್ನು ಬಸ್ ನಿಲ್ದಾಣದ ತನಕ ಹೊತ್ತದ್ದು ಸ್ವತಃ ಸಾಹೇಬರು. ದಾರಿಯುದ್ದಕ್ಕೂ ಪ್ರೊಜೆಕ್ಟರಿನ ದೋಷವನ್ನು ವಿವರಿಸುತ್ತ ನಡೆದರು. ಮಷೀನು ಯಾಕೆ ಎಂದು ಕೇಳಬೇಕೆಂದು ಅವರಿಗೆ ತೋಚಲಿಲ್ಲ. ಚಿಕ್ಕಮ್ಮನನ್ನು ನೋಡಿಕೊಂಡು ನಾಲ್ಕು ದಿನದಲ್ಲಿ ಬರುತ್ತಾಳೆ ಎಂದುಕೊಂಡಿದ್ದರು. 'ಹೊತ್ತಿಗೆ ಸರಿಯಾಗಿ ಊಟ ಮಾಡಿ' ಎಂದು ಅಕ್ಕ ಬಸ್ಸಿನ ಕಿಟಕಿಯಿಂದ ಹೇಳಿದರಂತೆ. ಅದನ್ನು ಮಾತ್ರ ಸಾಹೇಬರು ಸರಿಯಾಗಿ ಕೇಳಿಸಿಕೊಂಡಿದ್ದರು.

ಅಂದು ಸಂಜೆ ಮಾನ ಉಳಿಸಿಕೊಳ್ಳಲು ಅವರು ಮತ್ತೆ ಡಿಸ್ಕು ಹಾಕಿದರು. ಹೆಂಗಸು ಇಲ್ಲ. ಮಾರನೆಯ ದಿನವೂ ಇಲ್ಲ. ಕುರ್ಚಿಯನ್ನು ಮುಂದೆ ಎಳೆದರು, ಹಿಂದೆ ಎಳೆದರು, ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರು. ವಾರದ ಕೊನೆಗೆ ನನ್ನನ್ನು ಸಾಕ್ಷಿಗೆ ಕರೆದುಕೊಂಡು ಡಿಸ್ಕ್ ಅಂಗಡಿಗೆ ಹೋದರು. ಆ ಅಂಗಡಿಯವನು ದಪ್ಪ ಮೀಸೆಯ ತಾಳ್ಮೆಯ ಮನುಷ್ಯ. ಡಿಸ್ಕು ಕೊಳ್ಳುವವರು ಈಗ ಸಾಹೇಬರ ಹೊರತು ಇನ್ನಾರೂ ಇಲ್ಲವಾದ್ದರಿಂದ ತಾಳ್ಮೆ ಅನಿವಾರ್ಯವೂ ಆಗಿತ್ತು.

"ನೀವು ಕೊಟ್ಟ ಡಿಸ್ಕಿಂದ ಹೆಂಗಸು ಹೋಗಿಬಿಟ್ಟಿದಾಳೆ," ಎಂದರು ಸಾಹೇಬರು.

ಅಂಗಡಿಯವನು ಯಾವ ಹೆಂಗಸು, ಎಲ್ಲಿಗೆ ಹೋದಳು ಎಂದು ವಿಚಾರಿಸಿದ. ಡಿಸ್ಕು ಹಾಳಾದರೆ ಚಿತ್ರ ತುಂಡಾಗುತ್ತದೆ, ಸದ್ದು ಹೋಗುತ್ತದೆ, ಆದರೆ ಜನ ಒಬ್ಬೊಬ್ಬರಾಗಿ ಎದ್ದು ಹೋದದ್ದನ್ನು ತಾನು ಕೇಳಿಲ್ಲ ಎಂದ. ಕೊನೆಗೆ, ಹಳೆಯ ಗಿರಾಕಿಯ ಮಾತು ತೆಗೆದುಹಾಕಲಾರದೆ, ಅಂಗಡಿಗೆ ಬೀಗ ಹಾಕಿ ನಮ್ಮ ಜೊತೆ ಬಂದ.

ಮೇಲಿನ ಮನೆಯಲ್ಲಿ ದೀಪ ಆರಿಸಿ, ಬೇಸಿನ್ನಿನ ಮೇಲಿನದನ್ನು ಎಂದಿನಂತೆ ಉಳಿಸಿ, ಸಾಹೇಬರು ಅವನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಗಿರಣಿ ಬರಲು ಇನ್ನೂ ಹೊತ್ತಿತ್ತು. ಬಂದವರಿಗೆ ನೀರಾದರೂ ಕೊಡಬೇಕಲ್ಲ, ಕೊಡುವವರು ಮನೆಯಲ್ಲಿಲ್ಲ ಎಂದು ಗೊಣಗುತ್ತ ಒಳಗೆ ಹೋದರು. ಲೋಟ ಎಲ್ಲಿದೆ ಎಂದು ಹುಡುಕುವುದಕ್ಕೇ ಬಹಳ ಹೊತ್ತು ಹಿಡಿಯಿತು, ಅಷ್ಟರಲ್ಲಿ ಗಿರಣಿಯೂ ಬಂತು.

"ಸಾಹೇಬ್ರೇ, ಹೆಂಗಸಿಲ್ಲ," ಎಂದ ಅಂಗಡಿಯವನು. "ಆದರೆ ಒಬ್ಬ ಗಂಡಸಿದಾನೆ. ಕೈಯಲ್ಲಿ ನೀರಿನ ಲೋಟ."

ಸಾಹೇಬರು ಬಾಗಿಲಿನಿಂದ ಓಡಿಬಂದು ಬಗ್ಗಿ ನೋಡಿದರು. ಗಂಡಸು ಇರಲಿಲ್ಲ. ಅವಸರಕ್ಕೆ ನೀರು ಚೆಲ್ಲಿತ್ತು, ಮತ್ತೆ ತರಲು ಹೋದರು. ಈಗ ಬಂದ ಎಂದ ಅಂಗಡಿಯವನು. ಸಾಹೇಬರು ಮತ್ತೆ ಓಡಿಬಂದರು, ಆ ಗಂಡಸು ಮತ್ತೆ ಮಾಯವಾದ. ಮೂರನೆಯ ಸಲ ಅಂಗಡಿಯವನು ಕುರ್ಚಿಯಲ್ಲೇ ಹಿಂದೆ ತಿರುಗಿ ಸಾಹೇಬರನ್ನು ನೋಡಿದ, ಮುಂದೆ ತಿರುಗಿ ಟಿವಿ ನೋಡಿದ. ಮತ್ತೊಮ್ಮೆ ಹಿಂದೆ ನೋಡಿ, ಅಲ್ಲೇ ನಿಂತುಕೊಂಡು ಸ್ವಲ್ಪ ಕೈ ಎತ್ತಿ ಎಂದ. ಸಾಹೇಬರು ಎತ್ತಿದರು. ಇಳಿಸಿ ಎಂದ. ಇಳಿಸಿದರು. ಅವನು ಎದ್ದು ಬಂದು, ಸಾಹೇಬರ ಕೈಯಿಂದ ಲೋಟ ತೆಗೆದುಕೊಂಡು, ಅವರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ತಾನು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ.

ಈ ಸಲ ನಾನು ಚಾಪೆ ಬಿಟ್ಟು ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. ಟಿವಿಯ ಹೊಳೆಯುವ ಗಾಜಿನ ಮೇಲೆ, ಗಿರಣಿಯ ಕತ್ತಲೆಯಲ್ಲಿ, ಬಲ ಅಂಚಿನಲ್ಲಿ, ಬೇಸಿನ್ನಿನ ದೀಪದ ಬೆಳಕು ಮುಖಕ್ಕೆ ಬಿದ್ದು, ನಮ್ಮ ಡಿಸ್ಕ್ ಅಂಗಡಿಯವನು ಮೀಸೆ ಸಮೇತ ರಷ್ಯದಲ್ಲಿ ನಿಂತಿದ್ದ.

ನಗು ಬರಬೇಕಿತ್ತು. ಬರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕತೆಯನ್ನು ನಾವೆಲ್ಲ ಕೇಳಿದ್ದೇವೆ, ಆದರೆ ಅಲೆದವನ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಸಾಹೇಬರು ರಿಮೋಟು ಒತ್ತಿ ಚಿತ್ರ ನಿಲ್ಲಿಸಿದರು. ಟೇಪು ಹಾಕಿದಾಗ ಚಿತ್ರದ ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಆ ಪಟ್ಟಿಯಲ್ಲೂ ಅವಳು ಇದ್ದಿರಬೇಕು, ಅಲ್ಲವಾ ಎಂದು ನನ್ನನ್ನು ಕೇಳಿದರು. ಇದ್ದಿರಬೇಕು ಎಂದೆ.

ಆಮೇಲೆ ಅಕ್ಕನಿಗೆ ಫೋನು ಮಾಡಿದರು. ಸಾಹೇಬರ ಫೋನಿನಲ್ಲಿ ಆಚೆಯವರ ಮಾತು ಯಾವಾಗಲೂ ಊರಿಗೆಲ್ಲ ಕೇಳುವ ಹಾಗೆ ಬರುತ್ತದೆ, ಅದನ್ನು ತಗ್ಗಿಸುವುದು ಅವರಿಗೆ ಗೊತ್ತಿಲ್ಲ. ಹೀಗಾಗಿ ನಾನು ಮತ್ತು ಅಂಗಡಿಯವನು ಕೇಳಿಸಿಕೊಂಡದ್ದು ನಮ್ಮ ಇಚ್ಛೆಯಿಂದಲ್ಲ. ಆ ಕಡೆ ಹೊಲಿಗೆ ಮಷೀನಿನ ಸದ್ದು ಬರುತ್ತಿತ್ತು. ಅಕ್ಕ ಊಟ ಆಯಿತೇ ಎಂದು ಕೇಳಿದರು.

"ಆ ಬಾಗಿಲ ಹೆಂಗಸು," ಎಂದು ನಿಲ್ಲಿಸಿ, "ಅದು ನೀನು," ಎಂದರು.

ಮಷೀನು ನಿಂತಿತು.

"ಗೊತ್ತು," ಎಂದರು ಅಕ್ಕ.

"ಯಾವಾಗಿಂದ?"

"ಮಾಸ್ತರು ಬಂದಿದ್ರಲ್ಲ, ಆವತ್ತಿಂದ. ನಾನು ಕೂದಲು ಸರಿ ಮಾಡ್ಕೊಂಡೆ. ಅವರು ಕೈ ಎತ್ತಿದಳು ಅಂದ್ರು."

"ಮತ್ತೆ ಹೇಳಬಾರದಾಗಿತ್ತಾ?"

ಸಾಹೇಬರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಹೇಳೋಣ ಅಂತಾನೇ ಇದ್ದೆ," ಎಂದರು ಅಕ್ಕ. "ಆದರೆ ನೀವು ಅವಳ ಮುಖಾನ ಅಷ್ಟು ಹೊತ್ತು ನೋಡ್ತಾ ಇದ್ರಿ. ಬೀದಿಯವರಿಗೆಲ್ಲ ಹೊಗಳ್ತಾ ಇದ್ರಿ. ಇನ್ನೂ ನಾಲ್ಕು ದಿನ ನೋಡ್ಲಿ ಅನ್ನಿಸ್ತು. ಎಂದಾದ್ರೂ ಒಂದ್ಸಲ ಹಿಂದೆ ತಿರುಗಿ ನೋಡ್ತೀರಿ ಅಂದ್ಕೊಂಡು ಬಂದು ನಿಂತ್ಕೊಳ್ತಾ ಇದ್ದೆ."

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಗೆ ಯಾರೋ ಅಳತೆ ಕೊಡಲು ಬಂದಿದ್ದಾರೆ, ಇವತ್ತು ಎರಡು ಅಂಗಿ ಪೂರ್ತಿ ಮುಗಿಸಬೇಕು, ಇಡುತ್ತೇನೆ ಎಂದು ಹೇಳಿ ಇಟ್ಟರು. ಸಾಹೇಬರು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಅರ್ಜಿಯ ವಿಷಯ ಕೇಳಿದರು. ಕೊನೆಯ ದಿನ ಆಗಿಹೋಯಿತು, ಇನ್ನು ಮುಂದಿನ ವರ್ಷ ಎಂದೆ. ನನಗೆ ಬಹಳ ದುಃಖವಾಯಿತು.

ಅಂಗಡಿಯವನು ಪಾಪ, ಏನಾದರೂ ಹೇಳಲೇಬೇಕೆಂದು, ಬೇಕಾದರೆ ಡಿಸ್ಕನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದ. ಸಾಹೇಬರು ತಲೆ ಅಲ್ಲಾಡಿಸಿದರು.

"ಬೇಡಪ್ಪ," ಎಂದರು. "ಡಿಸ್ಕಲ್ಲಿ ತಪ್ಪಿಲ್ಲ."